ಎಮರಿ ಕತ್ತರಿಸಿದ ಸಹಿ

ರಾತ್ರಿ ಹನ್ನೊಂದು ದಾಟಿತ್ತು. ನನ್ನ ಚಿಕ್ಕಪ್ಪನ ಮಗ ಎಮರಿ ಚರ್ಚಿನ ಹಿಂದಿನ ಬಾವಿಯ ಪಕ್ಕದಿಂದ ಹಾದು ಮನೆಗೆ ಬರುತ್ತಿದ್ದ. ಗಾಳಿ ಇರಲಿಲ್ಲ. ಆದರೂ ರಾಟೆ ತಿರುಗಿತು… ಕಿರ್… ಕಿರ್… ಆಮೇಲೆ ಕಿವಿಯ ಹತ್ತಿರವೇ ಒಂದು ಹೆಂಗಸಿನ ಪಿಸುದನಿ.

"ನನ್ನ ಮಕ್ಕಳನ್ನ ಕೊಡು."

ಯಾವ ಮಕ್ಕಳು ಅಂತ ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅಮೆರಿಕ ದೇಶ ಕಟ್ಟಿದ ದೊಡ್ಡವರ ಸಹಿ ಕೂಡಿಸುವ ಹುಚ್ಚು ಎಮರಿಗೆ. ಹಳೆಯ ಕಾಗದ ಸಿಕ್ಕರೆ ಸಹಿಯಷ್ಟನ್ನೇ ಕತ್ತರಿಸಿ, ರಟ್ಟಿಗೆ ಅಂಟಿಸಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದ. ಮಿಕ್ಕಿದ್ದು ಒಲೆಗೆ. ಆಗ ಆ ಹುಚ್ಚಿನವರೆಲ್ಲ ಹಾಗೇ ಮಾಡುತ್ತಿದ್ದರು, ಪುಣ್ಯಾತ್ಮರು!

ನಮ್ಮ ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಹೋಗಿ ಇಪ್ಪತ್ತು ವರ್ಷವಾಗಿತ್ತು. ನಮ್ಮ ಬಟ್ಟೆ ಒಗೆಯುತ್ತಿದ್ದ ಲವಿನಿಯಾ ಒಂದು ದಿನ ಮೈಬಟ್ಟೆಯ ಒಳಗಿನಿಂದ ಜೋಪಾನವಾಗಿ ಒಂದು ಕಾಗದ ತೆಗೆದಳು. ಅವಳ ಅಜ್ಜಿ ಹೇಗರಳನ್ನು ಬಿಡುಗಡೆ ಮಾಡಿ ಅವಳ ಒಡೆಯ ಬರೆದುಕೊಟ್ಟದ್ದು. ಆ ಒಡೆಯನೂ ದೇಶ ಕಟ್ಟಿದವರಲ್ಲಿ ಒಬ್ಬ. ತಾಯಿ ಹೇಗರಳನ್ನೇನೋ ಬಿಡುಗಡೆ ಮಾಡಿದ. ಅದಕ್ಕೆ ಮುಂಚೆ ಅವಳ ಮೂರು ಮಕ್ಕಳನ್ನು ಮಾರಿದ್ದ.

"ಸಾಹೇಬ್ರೇ, ಆ ಮಕ್ಕಳ ಹೆಸರು ಇದ್ರಲ್ಲಿದೆಯಂತೆ. ಅಜ್ಜಿ ಸಾಯೋವರೆಗೂ ಬಾಯಿಬಿಟ್ಟು ಹೇಳ್ಲಿಲ್ಲ. ನಂಗೆ ಓದೋಕೆ ಬರಲ್ಲ. ಅವಳ ಸಮಾಧಿ ಕಲ್ಲಿನ ಮೇಲೆ ಕೆತ್ತಿಸ್ಬೇಕು."

"ಇಟ್ಟು ಹೋಗು, ನೋಡ್ತೀನಿ," ಅಂದ ಎಮರಿ.

ನೋಡಿದ. ಸಹಿ ನೋಡಿದ! ಕತ್ತರಿ ಕಚ್… ಕಚ್… ಅಂದಿತು. ಹೆಸರುಗಳು ಸಹಿಯ ಬೆನ್ನಿಗೇ, ಕಾಗದದ ಇನ್ನೊಂದು ಮಗ್ಗುಲಲ್ಲಿ ಇದ್ದವು. ನಾನು ಹತ್ತಿರ ಹೋಗುವಷ್ಟರಲ್ಲಿ ಅವುಗಳ ಮೇಲೆ ಅಂಟು ಬಳಿದಾಗಿತ್ತು.

"ಲೋ ಪಾಪಿ, ಅದು ಅವಳ ಕಾಗದ ಕಣೋ!"

"ಸುಮ್ನಿರಕ್ಕ. ಅವಳು ಓದ್ತಾಳಾ?" ಅವತ್ತೇ ಸಂಜೆ ಗಾಜಿನ ಚೌಕಟ್ಟಿಗೆ ಹಾಕಿ, ಹಿಂದೆ ಆರು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ.

ಮರುದಿನ ಬಂದ ಲವಿನಿಯಾಗೆ, "ಹೆಸರು ಗಿಸರು ಏನೂ ಇರ್ಲಿಲ್ಲ, ಕಾಗದ ಪುಡಿಯಾಗೋಯ್ತು," ಅಂದುಬಿಟ್ಟ. ಅವಳು ಬಟ್ಟೆಗಂಟು ಎತ್ತಿಕೊಂಡು ಹೋದಳು. ಅವನ ಕೆನ್ನೆಗೆ ಬಾರಿಸದೆ ನಾನು ಸುಮ್ಮನಿದ್ದೆ, ಆ ಸಿಟ್ಟು ನನ್ನ ಮೇಲೂ ಇದೆ.

ಅದೇ ರಾತ್ರಿಯೇ ಬಾವಿಯ ಹತ್ತಿರ ಆ ದನಿ. ಎಮರಿ ಓಡಿ ಬಂದು ಬಾಗಿಲು ಬಡಿದ. ತೆಗೆದೆ. ಒಳಗೆ ನುಗ್ಗಿ ಅಗುಳಿ ಹಾಕಿದ.

"ಅಕ್ಕ… ಅವಳು ಹಿಂದೇನೇ ಬಂದ್ಲು."

"ಯಾರೋ?"

"ಶ್…"

ಮುಂದಿನ ಕೋಣೆಯಲ್ಲಿ ಸದ್ದು. ಪರ್‌ರ್… ಒಣಗಿದ ಅಂಟಿನಿಂದ ಕಾಗದ ಮೆಲ್ಲಗೆ ಬಿಡಿಸುವಂಥ ಸದ್ದು. ಮೂರು ಸಲ. ಆಮೇಲೆ ಏನೂ ಇಲ್ಲ…

ದೀಪ ಹಿಡಿದು ನಾನೇ ಒಳಗೆ ಹೋದೆ. ಯಾರೂ ಇರಲಿಲ್ಲ. ಗೋಡೆಯ ಮೇಲೆ ಗಾಜು ಹಾಗೇ ಇತ್ತು. ಒಳಗಿನ ಚೀಟಿ ಮಗ್ಗುಲು ಬದಲಿಸಿತ್ತು. ಸಹಿ ರಟ್ಟಿನ ಕಡೆಗೆ, ಹೆಸರುಗಳು ನಮ್ಮ ಕಡೆಗೆ. ಫೀಬಿ. ಐಸಾಕ್. ಜೂಡಿ.

ಬೆಳಗಾಗುವುದನ್ನೂ ಕಾಯದೆ ಹೋಗಿ ಲವಿನಿಯಾಳ ಬಾಗಿಲು ತಟ್ಟಿದೆ. ಹೆಸರು ಹೇಳಿದೆ. ಅವಳು ಮೂರನ್ನೂ ಒಂದೊಂದಾಗಿ ಹೇಳಿಕೊಂಡಳು. ಈಗ ಕಲ್ಲಿನ ಮೇಲಿವೆ, ನಂಬದವರು ಹೋಗಿ ನೋಡಿ.

ಎಮರಿ ಆ ಚೀಟಿಗೆ ಹಬೆ ಹಿಡಿದ, ಚಾಕು ಹಾಕಿದ. ರಟ್ಟಿನಿಂದ ಅದು ಬಿಟ್ಟು ಬರಲಿಲ್ಲ. ಅದಿರಲಿ, ಅವನು ಚೌಕಟ್ಟು ಬಿಚ್ಚುವಾಗ ನಾನು ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡೆ… ಹಿಂದಿನ ಆರು ಮೊಳೆಗಳಲ್ಲಿ ಒಂದೂ ಅಲುಗಿರಲಿಲ್ಲ.