ಒಳಗೆ ಸರಿಯಾಗೇ ಓಡುತ್ತಿದ್ದ ಸರ್ವರ್

ಮೀನು ಮಾರಿ ಮುಗಿಸಿದ ಮೋಹಿನಿ ಸಾಸ್ತಾನದ ಬಸ್ ಸ್ಟಾಪಿನಲ್ಲಿ ಖಾಲಿ ಬುಟ್ಟಿಯ ಪಕ್ಕ ಕೂತಿದ್ದಳು. ಹಿಂದಿನ ಬೆಂಚಿನಲ್ಲಿ ಸೊಸೈಟಿಯ ಕಂಪ್ಯೂಟರ್ ನೋಡಿಕೊಳ್ಳುವ ಇಬ್ಬರಿದ್ದರು. ಹುಡುಗಿಯ ದನಿ ಸಣ್ಣದಾಗಿತ್ತು.

“ಶೈಲೇಶಣ್ಣ, ಶನಿವಾರ ಸರ್ವರ್ ಹೋದ್ದ್ ನನ್ನಿಂದ.”

“ಎಂತ ಮಾಡ್ದೆ ದಿವ್ಯಾ?”

“ಪೆನ್‌ಡ್ರೈವ್ ತೆಗೂಕಂತ ಪರದೆಯ ಮೂಲೆಯ ಗುರ್ತ್ ಒತ್ತ್ದೆ. ನನ್ ಕಂಪ್ಯೂಟರ್ ಅಂದ್ಕಂಡಿದ್ದೆ. ಎದ್ರಿಗೆ ತೆರ್ದ್ ಇದ್ದದ್ದ್ ಸರ್ವರಿನ ಪರದೆ.”

“ಹಂಗಾರೆ ಹೊರಗಿನವ್ರ್ ಜೊತೆ ಮಾತಾಡುವ ಅದ್ರ ನೆಟ್‌ವರ್ಕ್ ಕಾರ್ಡೇ ಕಳಚಿ ಹೋಯ್ತ್. ಆ ಸರ್ವರ್ ಕೈಯಲ್ಲಿ ಮುಟ್ಟುವ ಪೆಟ್ಟಿಗೆ ಅಲ್ಲ ಮರಾಯ್ತಿ, ದೊಡ್ಡ ಮಿಷನಿನ ಒಳ್ಗೆ ಓಡುವ ಇನ್ನೊಂದ್ ಮಿಷನ್. ಅಲ್ಲಿ ಕಾರ್ಡೂ ಪೆನ್‌ಡ್ರೈವಿನಂಗೇ ಕಣ್ಣಿಗೆ ಕಾಂತ್.”

“ಎಲ್ಲರೂ ಅದ್ ಸತ್ತೇ ಹೋಯ್ತ್ ಅಂದ್ರ್.”

“ಸಾಯ್ಲಿಲ್ಲ. ಎರಡ್ ದಿನವೂ ಒಳ್ಗೆ ಸರಿಯಾಗೇ ಓಡ್ತಾ ಇದ್ದಿತ್. ಯಾರ್ ಕರೆದ್ರೂ ಅದಕ್ಕೆ ಕೇಂತಿರ್ಲಿಲ್ಲ, ಅಷ್ಟೇ.”

“ಕಾರ್ಡನ್ನ ಅದೇ ತಿರುಗಿ ಸೇರ್ಸ್ಕಂಬುಕ್ ಆತಿಲ್ಯಾ?”

“ಇಲ್ಲೆ. ಹೊರ್ಗೆ ಇದ್ದವ್ರೇ ಕೊಡ್ಕ್. ಇವತ್ತ್ ಕೊಟ್ಟ್, ಅದಕ್ಕೊಂದ್ ಬೀಗ ಹಾಕಿದೆ. ಇನ್ನ್ ಓಡುವಾಗ ಯಾರಿಗೂ ತೆಗೂಕಾತಿಲ್ಲೆ.”

“ಹೊಸ್ತ್ ಸೇರ್ಸುಕೆ?”

“ಅದೂ ಆತಿಲ್ಲೆ. ಒಂದ್ಸಲ ಪೂರ್ತಿ ನಿಲ್ಸಿಯೇ ಮಾಡ್ಕ್.”

“ಮ್ಯಾನೇಜರಿಗೆ ನೀವೇ ಹೇಳ್ತ್ರಿಯಾ?”

“ನೀನೇ ಹೇಳ್. ಬಸ್ ಬಂತ್, ಹತ್ತ್.”

ಬ್ರಹ್ಮಾವರದ ಬಸ್ಸು ನಿಂತಿತು. ಇಬ್ಬರೂ ಹತ್ತಿದರು. ಮನೆಗೆ ಹೋಗಲು ಅದೇ ಬಸ್ಸಿಗೆ ಕಾದಿದ್ದ ಮೋಹಿನಿ ಆ ಮಾತಿನ ಗುಂಗಿನಲ್ಲಿ ಏಳಲಿಲ್ಲ. ಹಂಗಾರಕಟ್ಟೆಯಲ್ಲಿರುವ ತಂಗಿಯೊಡನೆ ಅವಳು ಮಾತು ಬಿಟ್ಟು ಮೂರು ವರ್ಷವಾಗಿತ್ತು. ತಂಗಿ ಕರೆಯಲಿ ಎಂದು ಇವಳು ಕಾದಿದ್ದಳು. ಬಹುಶಃ ತಂಗಿಯೂ ಹಾಗೇ. ತಮ್ಮಿಬ್ಬರಲ್ಲಿ ಹೊರಗಿದ್ದು ತಿರುಗಿ ಸೇರಿಸಬೇಕಾದವಳು ಯಾರು ಎಂದು ಆ ಶೈಲೇಶನನ್ನೇ ಕೇಳಬೇಕೆನಿಸಿ ಅವಳು ತಲೆಯೆತ್ತಿದಳು. ಬಸ್ಸು ತಿರುವು ದಾಟಿಯಾಗಿತ್ತು.