ಕೊಂಡು ತಂದ ಎರೆಹುಳ

ಕೃಷಿ ಸಂಶೋಧನಾ ಕೇಂದ್ರದ ಗೇಟಿನಲ್ಲಿ ಬಸ್ ಹತ್ತಿದ ಇಬ್ಬರು ಮಹಿಳಾ ವಿಜ್ಞಾನಿಗಳು, ಮೊದಲೇ ಬಸ್ಸಿನಲ್ಲಿದ್ದ ಒಬ್ಬ ದರ್ಜಿಯ ಮುಂದಿನ ಸೀಟಿನಲ್ಲಿ ಕೂತರು. ದರ್ಜಿ ಕದ್ದು ಕೇಳುವ ಪೈಕಿಯವನಲ್ಲ; ಆದರೆ ಕಿವಿಗೆ ಗುಂಡಿ ಹಾಕಲಾಗುತ್ತದೆಯೇ?

"ಮೇಡಂ, ಆ ಎರೆಹುಳ ಎಲ್ಲಿಂದ ತಂದ್ರಿ?" ಕಿರಿಯಳು ಕೇಳಿದಳು.

"ಮೀನಿನ ಗಾಳ ಮಾರೋ ಅಂಗಡಿಯಿಂದ. ಮೆಲ್ಲಗೆ ಮಾತಾಡಮ್ಮ."

"ನಮ್ಮ ಮಣ್ಣಲ್ಲಿ ಒಂದೂ ಇರ್ಲಿಲ್ವಾ?"

"ಇದ್ದಿದ್ರೆ ನನಗ್ಯಾಕೆ ಈ ಕರ್ಮ? ರಾಸಾಯನಿಕ ಗೊಬ್ಬರ ಹಾಕೋದು ಬಿಟ್ಟ ಮಣ್ಣು ನೋಡೋಕೆ ಅಂತ್ಲೇ ರೈತರು ಬರ್ತಾರೆ. ಹುಳಾನೇ ಇಲ್ಲ ಅಂದ್ರೆ ಮರ್ಯಾದೆ ಉಳಿಯುತ್ತಾ? ಅವರು ಬರೋ ಹಿಂದಿನ ದಿನಾನೇ ಹೂತಿಟ್ಟೆ."

"ನೋಡೋಕೆ ಬಂದಿದ್ದ ಆ ರೈತ ಅಮ್ಮ ಅದನ್ನೇ ಅಂಗೈ ಮೇಲಿಟ್ಕೊಂಡು ಮುದ್ದು ಮಾಡಿದ್ರು."

"ಹುಳ ಏನೂ ಸುಳ್ಳಲ್ವಲ್ಲ."

"ಅವರು ಮನೇಲಿದ್ದ ಗೊಬ್ಬರಾನೆಲ್ಲ ಮೈದುನನಿಗೆ ಕೊಟ್ಬಿಟ್ಟಿದ್ದಾರೆ ಮೇಡಂ. ನಾಳೆ ಬಿತ್ತನೆ."

ಹಿರಿಯಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಜ ಹೇಳೋಕೆ ತಾನೇ ಅವರ ಊರಿಗೆ ಹೊರಟಿರೋದು? ನೀನೇ ಹೇಳ್ಬಿಡು. ನಂಗೆ ಬಾಯಿ ಬರಲ್ಲ."

ಅಷ್ಟರಲ್ಲಿ ಕಿರಿಯಳ ಫೋನು ಬಡಿದುಕೊಂಡಿತು.

"ಹೇಳಿ ಅಮ್ಮಾ, ಬಸ್ಸಲ್ಲಿದ್ದೀವಿ... ಅಮ್ಮಾ, ಒಂದ್ಮಾತು... ಅಯ್ಯೋ, ಅದೆಲ್ಲ ಯಾಕಮ್ಮಾ... ಸರಿ."

"ಹೇಳಿದ್ಯಾ?"

"ಎಲ್ಲಿ ಹೇಳೋದು? ಅಕ್ಕಪಕ್ಕದ ಹೊಲದವರನ್ನೆಲ್ಲ ಕರ್ಕೊಂಡು ಸ್ಟಾಪಿಗೇ ಬಂದಿದ್ದಾರಂತೆ. ಅವರೂ ಗೊಬ್ಬರ ಬಿಡ್ತಾರಂತೆ. ಹುಳದ ವಿಷಯ ನಿಮ್ಮ ಬಾಯಿಂದ್ಲೇ ಕೇಳ್ಬೇಕಂತೆ."

ಬಸ್ ನಿಂತಿತು. ಕಿಟಕಿಯಾಚೆ ಹತ್ತಾರು ಮುಖಗಳು ನಗುತ್ತ ಮೇಲೆ ನೋಡುತ್ತಿದ್ದವು. ಹಿರಿಯಳು ಕೊರಳಿನ ಗುರುತಿನ ಚೀಟಿಯನ್ನು ಬ್ಯಾಗಿನೊಳಗೆ ತುರುಕಿ, ತಲೆ ತಗ್ಗಿಸಿ ಇಳಿದಳು.