ಹಫ್ಸಾ ನೇಯ್ದ ಅರ್ಧ

ಈ ಸಭೆಯ ಮತ್ತು ನಮ್ಮ ಪುರಸಭೆಯ ಅಧ್ಯಕ್ಷರಾದ ಬೆಸ್ತೂನ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಇಷ್ಟು ವರ್ಷ ನನ್ನ ಜೊತೆ ಕಂಬ ಹತ್ತಿ ಇಳಿದ ವಿದ್ಯುತ್ ವಿಭಾಗದ ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ ತ್ರೀಫಾ, ಮತ್ತು ಸಭಿಕರೇ,

ಈ ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಉದ್ಯಾನದ ಗೋಡೆಯ ಮೇಲಿನ ದೀಪದ ಕಿಲೀಮನ್ನು ಹೊಗಳಿದಿರಿ. ನಮ್ಮ ಕುರ್ದ್ ಹೆಂಗಸರು ಉಣ್ಣೆಯಲ್ಲಿ ನೇಯುವ ಜಮಖಾನವನ್ನು ಈ ಸರ್ಬಸ್ತ್ ನಾಲ್ಕು ಸಾವಿರ ದೀಪಗಳಲ್ಲಿ ನೇಯ್ದ ಎಂದಿರಿ. ಸಂತೋಷ. ಆದರೆ ಅದನ್ನು ನಾನು ಎರಡು ಸಲ ಮಾಡಿದೆ. ಮೊದಲ ಸಲ ತಪ್ಪು ಮಾಡಿದೆ. ಯಾರೂ ಹೇಳದಿದ್ದ ಮೇಲೆ ನಾನೇ ಹೇಳಬೇಕಲ್ಲವೇ?

ಮಾದರಿಗೆ ತಂದದ್ದು ನನ್ನ ಅತ್ತೆ, ತ್ರೀಫಾಳ ತಾಯಿ ಗೆಲಾವೇಜ್ ಅವರ ಕಿಲೀಮ್. ಅಳೆದರೆ, ಕೆಳಗಿನ ಅರ್ಧದ ವಜ್ರದಾಕಾರಗಳು ಚಪ್ಪಟೆ, ಮೇಲಿನವು ಉದ್ದ. ಇಂಜಿನಿಯರ್ ಕಣ್ಣಿಗೆ ಅದು ಏನಾಗಿ ಕಾಣುತ್ತದೆ? ದೋಷವಾಗಿ. ಎಲ್ಲವನ್ನೂ ಮೇಲಿನ ಅಳತೆಗೆ ಸರಿಮಾಡಿದೆ. ಯಾರನ್ನೂ ಕೇಳಲಿಲ್ಲ.

ಪರೀಕ್ಷೆಯ ಸಂಜೆ ಅತ್ತೆಯನ್ನು ಕರೆತಂದು ಗೋಡೆಯೆದುರು ಕೂರಿಸಿದೆ. ದೀಪ ಹತ್ತಿತು. ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆಯಪ್ಪ. ಯಾರದಿದು?"

"ನಿಮ್ಮದೇ, ಅತ್ತೆ."

"ನನ್ನದ್ರಲ್ಲಿ ಹಫ್ಸಾ ಇದ್ಲು," ಎಂದು ಎದ್ದು ಹೊರಟರು.

ಹಫ್ಸಾ ಅತ್ತೆಯ ಅಕ್ಕ. ತೀರಿಕೊಂಡಿದ್ದಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಮನೆಗೆ ಬಂದು ತ್ರೀಫಾಳನ್ನು ಕೇಳಿದೆ. ಮದುವೆಯಾಗಿ ಇಪ್ಪತ್ತಮೂರು ವರ್ಷಕ್ಕೆ ಕೇಳಿದೆ.

"ಕೆಳಗಿನರ್ಧ ದೊಡ್ಡಮ್ಮ ನೇಯ್ದಿದ್ದು. ಅವರ ಕೈ ಬಿಗಿ, ಎಳೆನ ಬಡಿದು ಬಡಿದು ಕೂರಿಸೋರು, ಅದಕ್ಕೇ ಚಪ್ಪಟೆ," ಎಂದಳು. "ತೊಂಬತ್ತೊಂದರಲ್ಲಿ ಸೈನ್ಯಕ್ಕೆ ಹೆದರಿ ಊರಿಗೂರೇ ಗಡಿ ಕಡೆ ಓಡಿತಲ್ಲ, ಆಗ ಅದನ್ನ ಮಗ್ಗದ ಕೋಲಿನ ಸಮೇತ ಸುತ್ತಿ ಹೊತ್ಕೊಂಡಿದ್ರು. ಪೆಂಜ್ವೀನ್ ದಾರೀಲಿ ಮಳೆ, ಚಳಿ. ನನಗೆ ಒಂಬತ್ತು ವರ್ಷ, ಮೈಯೆಲ್ಲ ಜ್ವರ. ಬಿಚ್ಚಿ ನನಗೆ ಹೊದಿಸಿದ್ರು. ತಾವು ಒದ್ದೆ ಬಟ್ಟೇಲೇ ಇದ್ರು. ನಾಲ್ಕನೇ ದಿನ ಏಳ್ಲಿಲ್ಲ. ವಾಪಸ್ ಬಂದ್ಮೇಲೆ ಉಳಿದರ್ಧ ಅಮ್ಮ ನೇಯ್ದ್ಲು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಎರಡು ಸಲ ಶುರು ಮಾಡಿದ್ದೆ. ನಿಮಗೆ ಫೋನ್ ಬಂತು."

ಸಭಿಕರೇ, ಫೋನ್ ಮಾಡಿದವರು ನಿಮ್ಮಲ್ಲೇ ಯಾರೋ ಇರಬೇಕು. ಈ ಊರಿನಲ್ಲಿ ಕರೆಂಟ್ ಹೋಗದ ದಿನ ಯಾವುದು? ಆದರೆ ಎತ್ತಿದವನು ನಾನು.

ಮಾರನೆಯ ದಿನ ಕೆಳಗಿನ ದೀಪಗಳನ್ನೆಲ್ಲ ಕಳಚಿ ಒತ್ತೊತ್ತಾಗಿ ಜೋಡಿಸತೊಡಗಿದೆವು. "ಕೆಳಗಿನರ್ಧ ಅಳತೆ ತಪ್ಪಿದೆ ಅಂತಾರಲ್ರೀ ಜನ," ಎಂದರು ಅಧ್ಯಕ್ಷರು. ಎಂದರೂ ಸಹಿ ಹಾಕಿದರು. ಜನ ಹಾಗೆಯೇ ಅಂದರು, ಈಗಲೂ ಅನ್ನುತ್ತಾರೆ.

ಅತ್ತೆ ಮತ್ತೆ ಬಂದರು. ಚಪ್ಪಟೆ ವಜ್ರವೊಂದನ್ನು ಗೇಣಿನಿಂದ ಅಳೆದರು. "ಅಷ್ಟು ಬಡೀಬೇಡ ಅಂತ ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ ಇವಳು," ಎಂದು ಗೊಣಗಿದರು. ಕುರ್ಚಿಯನ್ನು ಗೋಡೆಯ ಬುಡಕ್ಕೇ ಹಾಕಿಸಿಕೊಂಡು ಕೂತರು. ಕರೆದರೂ ಏಳಲಿಲ್ಲ. ತ್ರೀಫಾ ತನ್ನ ಶಾಲನ್ನು ಅವರಿಗೆ ಹೊದಿಸಿ ಪಕ್ಕದಲ್ಲಿ ನಿಂತಳು. ನನಗೆ ಅವರಿಬ್ಬರ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಸ್ವಿಚ್ಚಿನ ಪೆಟ್ಟಿಗೆಯ ಬಳಿಯೇ ನಿಂತಿದ್ದೆ.

ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ತ್ರೀಫಾ ಕೇಳಿದಳು: "ನಾಳೆಯಿಂದ ಮನೇಲಿ ಕೂತು ಏನ್ ಮಾಡ್ತೀರಿ?"

"ದೊಡ್ಡಮ್ಮನ ವಿಷಯ ಹೇಳು. ಹೇಗೆ ನಗ್ತಿದ್ರು, ಯಾರ ಜೊತೆ ಜಗಳ ಆಡ್ತಿದ್ರು, ಎಲ್ಲಾನೂ."

ಲೋಟದಲ್ಲಿ ಸಕ್ಕರೆ ಕದಡುತ್ತ, "ಅದಕ್ಕೆ ತುಂಬ ದಿನ ಬೇಕು," ಎಂದಳು.

ಈಗ ನನ್ನ ಹತ್ತಿರ ದಿನಗಳು ಬೇಕಾದಷ್ಟಿವೆ. ಅವನ್ನು ಇವತ್ತು ನನಗೆ ಕೊಟ್ಟು ಕಳಿಸುತ್ತಿರುವವರು ನೀವು. ನಿಮಗೆಲ್ಲ ಕೃತಜ್ಞನಾಗಿದ್ದೇನೆ. ನಮಸ್ಕಾರ.